ಪುಷ್ಯದ ಹನಿ

ಹೊಳಲ್ಕೆರೆಯ ಬೀದಿ ನಲ್ಲಿಯಲ್ಲಿ ಹೇಮಾವತಿಯ ಕೊಡ ಅರ್ಧವೂ ತುಂಬಿರಲಿಲ್ಲ. ಅಷ್ಟರಲ್ಲಿ ಒಬ್ಬಳು ಬಂದು, "ಅಕ್ಕಾ, ಒಂಚೂರು ಕೊಡ ಸರಸ್ರಿ" ಎಂದು ಸೆರಗಿನ ತುದಿಯನ್ನು ನೀರಿಗೆ ಹಿಡಿದಳು. ಎದುರಿನ ಆಯುರ್ವೇದ ಚಿಕಿತ್ಸಾಲಯದಲ್ಲಿ ಸಾಲು ನಿಂತಿತ್ತು. ಪುಷ್ಯ ನಕ್ಷತ್ರದ ದಿನ ಮಕ್ಕಳಿಗೆ ಶಕ್ತಿ ಬರಲೆಂದು ಅಲ್ಲಿ ಸ್ವರ್ಣಬಿಂದು ಹನಿ ಹಾಕುತ್ತಾರೆ. ಆ ಹೆಂಗಸು ಚಿಕಿತ್ಸಾಲಯದ ಜಗಲಿಗೆ ಹೋಗಿ, ಅತ್ತೆಯ ಮಡಿಲಲ್ಲಿದ್ದ ನಾಲ್ಕು ವರ್ಷದ ಮಗಳ ಹಣೆಯನ್ನು ಒದ್ದೆ ಸೆರಗಿನಿಂದ ಒರೆಸತೊಡಗಿದಳು. ಹೇಮಾವತಿ ನಲ್ಲಿ ನಿಲ್ಲಿಸಿದಳು; ಅತ್ತೆ ಸೊಸೆಯರ ಮಾತು ಕೇಳಿಸತೊಡಗಿತು.

"ಇನ್ನೊಂದ್ಸಲ ಒರ್ಸು ದೇವಿಕಾ. ಡಾಕ್ಟ್ರು ಮುಟ್ಟಿದಾಗ ತಣ್ಣಗಿರ್ಬೇಕು."

"ಕೆಂಡದಂಗೆ ಸುಡ್ತೈತೆ ಅತ್ತೆ. ಈ ಹನಿ ಚೆನ್ನಾಗಿರೋ ಮಕ್ಕಳಿಗಂತೆ. ಜ್ವರ ಇದ್ರೆ ಹಾಕಲ್ಲ, ದೊಡ್ಡಾಸ್ಪತ್ರೆಗೆ ಕಳಿಸ್ತಾರೆ."

"ಅದಕ್ಕೇ ಹೇಳಬ್ಯಾಡ ಅಂದಿದ್ದು."

"ರಾತ್ರಿಯಿಂದ ಉಸಿರೂ ಜೋರಾಗೈತೆ. ಆಸ್ಪತ್ರೆಗೇ ಹೋಗಾಣ, ನಿಮ್ ಕಾಲಿಗೆ ಬೀಳ್ತೀನಿ."

"ಹೋದ್ ಚಳಿಗಾಲ್ದಾಗೆ ಇವಳಣ್ಣನ್ನ ಅಲ್ಲಿಗೇ ಒಯ್ದಿದ್ದು. ಬಟ್ಟೆ ಸುತ್ತಿ ಕೊಟ್ರು. ಈ ಕೂಸ್ನ ನಾ ಕೊಡಂಗಿಲ್ಲ."

"ನಾವು ತಡವಾಗಿ ಒಯ್ದ್ವಿ ಅತ್ತೆ."

"ಬಾಯ್ಮುಚ್ಚು. ನಾಕಕ್ಷರ ಕಲ್ತು ನಂಗೇ ಬುದ್ಧಿ ಹೇಳಾಕ್ ಬಂದ್ಳು."

ದೇವಿಕಾಳ ಸೆರಗಿನಲ್ಲಿ ಇನ್ನು ನೀರು ಉಳಿದಿರಲಿಲ್ಲ, ಆದರೂ ಒರೆಸುತ್ತಲೇ ಇದ್ದಳು.

ಒಳಗಿನಿಂದ ಯಾರೋ, "ತಾಳ್ಯದ ರೋಜಾ ಯಾರಮ್ಮ, ಬರ್ರಿ" ಎಂದು ಕೂಗಿದರು. ಅಜ್ಜಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಕೇಳಿದ್ರೆ ಜ್ವರ ಇಲ್ಲ ಅನ್ನು ಪುಟ್ಟಿ, ಆಯ್ತಾ?"

ರೋಜಾ ಹೊಸ್ತಿಲು ದಾಟುವಾಗ ಅಜ್ಜಿಯ ಹೆಗಲ ಮೇಲಿಂದ ತಾಯಿಯನ್ನು ನೋಡಿದಳು.

"ಅವ್ವಾ, ಅಣ್ಣಂಗೂ ಹಿಂಗೇ ಜ್ವರ ಇಲ್ಲ ಅಂದಿದ್ರಾ?"