ಹೊಂಬಮ್ಮ ಬೆಳೆಸಿದ ರಂಗೋಲಿ

ಮೊದಲು ಒಂದು ಒಗಟು. ಕಾಲಿಟ್ಟರೆ ಕೆಡುತ್ತೆ, ಕಾಲಿಡದಿದ್ದರೂ ಕೆಡುತ್ತೆ. ಏನದು? ಹ್ಞೂಂ, ಹೇಳಿ. ಕೆಸರುಗದ್ದೆ ಅಲ್ಲ. ಹೊಸ ಚಪ್ಪಲಿ ಅಲ್ಲ. ನಿಮ್ಮ ಅತ್ತೆ ಮನೇನೂ ಅಲ್ಲ. ತಲೆ ಕೆರೆದು ಕೆರೆದು ಇರೋ ನಾಲ್ಕು ಕೂದಲನ್ನೂ ಕಳಕೋಬೇಡಿ, ಬಿಟ್ಟುಬಿಡಿ. ನಿಮ್ಮ ಕೈಲಿ ಆಗಲ್ಲ. ಅದಕ್ಕೇ ಈ ಕಥೆ.

ಕೋಳಿಗೆ ಹಲ್ಲಿದ್ದ ಕಾಲದಲ್ಲಿ, ಯಾವುದೋ ಒಂದು ಊರಲ್ಲಿ, ಒಬ್ಬ ದೊರೆ ಇದ್ದ. ಅವನ ಹೆಸರು ನನಗೆ ಗೊತ್ತಿಲ್ಲ. ಅವನಿಗೂ ನನ್ನ ಹೆಸರು ಗೊತ್ತಿರಲಿಲ್ಲ, ಸರಿಹೋಯ್ತು. ಅರಮನೆ ಮುಂದೆ ದೊಡ್ಡ ಬಯಲು. ಭಣಭಣ. ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲ್ಲ. ಸಂಜೆ ಹೊತ್ತು ಉಪ್ಪರಿಗೆ ಮೇಲೆ ಕೂತು ಆಕಳಿಸಿ ಆಕಳಿಸಿ ದೊರೆಗೆ ದವಡೆ ನೋವು. "ಇಲ್ಲಿ ಜನ ಬಂದು ಓಡಾಡೋ ಹಾಗೆ ಒಂದು ತೋಟ ಮಾಡಿ. ಮಾಡಿದವರಿಗೆ ಬಯಲಿನ ಮೂಲೇಲಿರೋ ಮನೆ" ಅಂತ ಡಂಗುರ ಹೊಡೆಸಿದ.

ಮೊದಲನೆಯವನು ಬಂದ. ಬರೀ ಕೆಂಪು ಹೂ ಹಾಕಿದ. ಜನ ಬಂದರು, ನೋಡಿದರು, ಕಣ್ಣುರಿ ಅಂತ ಹೋದರು. ಎರಡನೆಯವನು ಬಂದ. ಸಿಕ್ಕಿದ ಬಣ್ಣವನ್ನೆಲ್ಲ ಸಿಕ್ಕಿದಲ್ಲಿ ನೆಟ್ಟ. ಜನ ಬಂದರು, ನೋಡಿದರು, ತಲೆಸುತ್ತು ಅಂತ ಹೋದರು. ಮೂರನೆಯವನು ಬಂದ. ಬಣ್ಣದ ಸಹವಾಸವೇ ಬೇಡ ಅಂತ ಬರೀ ಹಸಿರು ಹಾಕಿದ. ಜನ ಬರಲಿಲ್ಲ, ಎಮ್ಮೆ ಬಂತು. ತೋಟ ಅದರ ಹೊಟ್ಟೆ ಸೇರ್ತು.

ಆಮೇಲೆ ಬಂದವಳು ಹೊಂಬಮ್ಮ. ರಂಗೋಲಿ ಪುಡಿ ಮಾರೋಳು. ತಲೆ ಮೇಲೆ ಬುಟ್ಟಿ, ಬೀದಿ ಬೀದೀಲಿ "ರಂಗೋಲೀ..." ಅಂತ ಕೂಗು. ಊರಿನ ಹೊಸ್ತಿಲಿಗೆಲ್ಲ ಪುಡಿ ಕೊಟ್ಟವಳಿಗೆ ತನ್ನದು ಅಂತ ಒಂದು ಹೊಸ್ತಿಲಿಲ್ಲ. ಮಲಗೋದು ಛತ್ರದ ಜಗಲಿ ಮೇಲೆ. ಕೇಳಿಸ್ತಾ? ಇದನ್ನ ಮರೀಬೇಡಿ.

ದೊರೆ ನಕ್ಕ. "ಗಿಡದ ವಿಷಯ ನಿನಗೇನಮ್ಮ ಗೊತ್ತು?"

"ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂರಬೇಕು ಅನ್ನೋದು ಗೊತ್ತು ಬುದ್ಧಿ. ಬೆಳೆಸೋದು ಮಣ್ಣು ನೋಡ್ಕೊಳುತ್ತೆ."

"ಸರಿ. ದೀಪಾವಳಿ ದಿನ ಹೊತ್ತು ಮುಳುಗೋದರೊಳಗೆ ತೋಟದ ಮಣ್ಣಲ್ಲಿ ಜನರ ಹೆಜ್ಜೆ ಮೂಡಿರಬೇಕು. ಮೂಡಿದರೆ ಮನೆ ನಿನ್ನದು. ಇಲ್ಲದಿದ್ದರೆ ಬುಟ್ಟಿ ಎತ್ಕೊಂಡು ಊರು ಬಿಡು."

"ಆಗಲಿ. ಆ ಮನೆ ಬೀಗಕ್ಕೆ ಈಗಲೇ ಎಣ್ಣೆ ಹಾಕಿಸಿಬಿಡಿ ಬುದ್ಧಿ, ತುಕ್ಕು ಹಿಡಿದಿರುತ್ತೆ."

ನೋಡಿ ಅವಳ ಕೆಚ್ಚು! ಬಯಲಿಗೆ ಹೋದಳು, ಸೆರಗು ಸಿಕ್ಕಿಸಿದಳು, ಬಗ್ಗಿದಳು. ಬಯಲು ತುಂಬ ಒಂದು ರಂಗೋಲಿ ಎಳೆದಳು. ಚುಕ್ಕಿ ಇಟ್ಟಲ್ಲಿ ಗುಣಿ. ಗೆರೆ ಎಳೆದಲ್ಲಿ ಸಾಲು. ಸಾಲು ಸಾಲಿನ ನಡುವೆ ಓಡಾಡೋಕೆ ದಾರಿ. ಒಂದೊಂದು ಎಲೆಯನ್ನೂ ಕೆನ್ನೆಗೆ ಉಜ್ಜಿ ನೋಡಿ ಗಿಡ ಆರಿಸಿದಳು. ನಟ್ಟನಡುವೆ ಕೋಳಿಜುಟ್ಟಿನ ಹೂ, ಮುಟ್ಟಿದರೆ ಮಖಮಲ್ಲು. ಅದರ ಸುತ್ತ ಸಬ್ಬಸಿಗೆ, ಗರಿ ಗರಿಯಾಗಿ. ಕೆಂಪು ದಂಟಿನ ಪಕ್ಕ ಬೂದು ಬಣ್ಣದ ದವನ. ನೀರೂ ಜಾರೋ ಕೆಸುವಿನ ಎಲೆ ಪಕ್ಕ ಮೈತುಂಬ ತುಪ್ಪಳದ ದೊಡ್ಡಪತ್ರೆ.

ಕಾವಲುಗಾರ ಕಿಸಕ್ಕಂದ. "ಏನಕ್ಕ, ದೊರೆ ತೋಟದಲ್ಲಿ ಸಾರಿಗೆ ಹಾಕೋ ಸೊಪ್ಪು?"

"ಕಣ್ಣಿಗೆ ಬಣ್ಣ ಸಿಕ್ತಲ್ಲ ತಮ್ಮ, ಕೈಗೂ ಏನಾದರೂ ಬೇಡ್ವಾ? ಎಲ್ಲಾ ನುಣ್ಣಗಿದ್ದರೆ ಕೈಗೆ ಬೇಜಾರು."

ಕೊನೆಗೆ ಸುತ್ತಲೂ ಚೆಂಡುಹೂವಿನ ಅಂಚು. ರಂಗೋಲಿ ಗೆರೆ ತುಂಡಾಗಬಾರದಲ್ಲ? ಕೈಗೆ ಅದೇ ಅಭ್ಯಾಸ. ಸುತ್ತಿ ತಂದು ಗೆರೆ ಕೂಡಿಸಿಬಿಟ್ಟಳು. ಬಾಗಿಲು ಬಿಡೋದೇ ಮರೆತಳು! ತಾನು ಮಾತ್ರ ಸೀರೆ ಎತ್ತಿ ದಾಟಿ ದಾಟಿ ನೀರು ಹಾಕಿದಳು.

ದೀಪಾವಳಿ ಬಂತು. ಹೊಂಬಮ್ಮ ತನ್ನ ಹೆಜ್ಜೆ ಗುರುತೆಲ್ಲ ಗುಡಿಸಿ, ನೀರು ಚಿಮುಕಿಸಿ, ಪಕ್ಕಕ್ಕೆ ನಿಂತಳು. ಊರಿಗೆ ಊರೇ ಬಂತು. ಬಂದವರು ಹಾಗೇ ನಿಂತರು. ಒಂದು ಮಗು ಒಳಕ್ಕೆ ಓಡೋಕೆ ಹೋಯ್ತು. ಅದರ ಅಜ್ಜಿ ಪುಟ್ಟತಾಯಮ್ಮ ಗಬಕ್ಕನೆ ಎಳೆದಳು. "ಏ ಮೂದೇವಿ, ರಂಗೋಲಿ ತುಳೀತಾರೇನೋ!"

ಮುಗೀತು. ಎತ್ತಿದ ಕಾಲೆಲ್ಲ ಹಿಂದಕ್ಕೆ.

ಹೊಂಬಮ್ಮ "ಬನ್ನಿ, ಬನ್ನಿ" ಅಂತ ಕರೆದಳು. ಯಾರೂ ಒಳಗೆ ಬರಲಿಲ್ಲ. ತಮಟೆ ಹೊಡೆಸಿದಳು. ಕುಣಿದರು, ಹೊರಗೇ ಕುಣಿದರು. ದೊರೆಯನ್ನೇ ಕರೆದಳು. ದೊರೆ ಜೋಡು ಬಿಟ್ಟ, ಕಾಲೆತ್ತಿದ, ಕೊಕ್ಕರೆ ಥರ ಒಂದು ಗಳಿಗೆ ನಿಂತ, ಕಾಲು ಇಳಿಸಿದ. "ಬೇಡಮ್ಮ, ನಮ್ಮವ್ವ ನೋಡಿದರೆ ಬೈತಾಳೆ."

ಒಗಟು ಈಗ ಬಿಡಿಸಿದಿರಾ?

ಹೊತ್ತು ಕೆಂಪಾಯಿತು. ಕೊಟ್ಟ ಮಾತು ಮಾತೇ ಅಂದ ದೊರೆ. "ಇಷ್ಟು ಚೆಂದ ಮಾಡಬಾರದಿತ್ತು ನೀನು."

ಹೊಂಬಮ್ಮ ಮೂಲೆಮನೆ ಕಡೆ ನೋಡಿದಳು. ಬುಟ್ಟಿ ಕಡೆ ನೋಡಿದಳು. ಆಮೇಲೆ ಪುಟ್ಟತಾಯಮ್ಮನ ಕಡೆ ತಿರುಗಿದಳು.

"ಅಜ್ಜಿ, ನಿನ್ನೆ ನಿಮ್ಮ ಬಾಗಿಲಲ್ಲಿ ಹಾಕಿದ ರಂಗೋಲಿ ಏನಾಯ್ತು?"

"ಏನಾಯ್ತು ಅಂದ್ರೆ? ಬೆಳಿಗ್ಗೆ ಎದ್ದು ಗುಡಿಸಿದೆ."

"ಬೇರೆ ಯಾರೂ ಇರಲಿಲ್ವಾ ಗುಡಿಸೋಕೆ?"

"ಹಾಕಿದವಳು ನಾನು, ಗುಡಿಸೋಳೂ ನಾನೇ. ನೀನು ಬರ್ತೀಯೇನೇ?"

"ಅಷ್ಟೇ ಸಾಕಜ್ಜಿ. ಯಾರಾದರೂ ಒಂದು ಪೊರಕೆ ಕೊಡಿ."

ಪೊರಕೆ ಕಂಕುಳಲ್ಲಿ ಇರುಕಿಕೊಂಡಳು. ಅಂಚಿನಲ್ಲಿ ಎಲ್ಲಕ್ಕಿಂತ ತುಂಬಿ ಅರಳಿದ್ದ ಚೆಂಡುಹೂವಿನ ಬುಡಕ್ಕೆ ಕೈ ಹಾಕಿದಳು. ಕಿತ್ತಳು. ಇನ್ನೊಂದು ಕಿತ್ತಳು. ಮತ್ತೊಂದು ಕಿತ್ತಳು. ಕಿತ್ತ ಹೂವೆಲ್ಲ ಹೆಂಗಸರ ಮಡಿಲಿಗೆ ಹಾಕಿ, ಆ ಜಾಗವನ್ನ ಬರಬರ ಗುಡಿಸಿದಳು.

"ಇದು ನಿನ್ನೆಯ ರಂಗೋಲಿ! ಹಾಕಿದವಳೇ ಗುಡಿಸಿದೀನಿ. ಇನ್ನೇನಡ್ಡಿ?"

ಮೊದಲು ಕಾಲಿಟ್ಟವಳು ಪುಟ್ಟತಾಯಮ್ಮ. ಅವಳ ಹಿಂದೆ ಮಗು, ಮಗುವಿನ ಹಿಂದೆ ಊರು, ಊರಿನ ಹಿಂದೆ ದೊರೆ. ಒಬ್ಬರು ಕೋಳಿಜುಟ್ಟನ್ನ ಕೆನ್ನೆಗೆ ಉಜ್ಜಿದರು, ಒಬ್ಬರು ದವನ ಹಿಸುಕಿ ಮೂಸಿದರು. ಹೊತ್ತು ಮುಳುಗೋ ಹೊತ್ತಿಗೆ ಹೆಜ್ಜೆ ಬೀಳದ ಮಣ್ಣೇ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮೂಲೆಮನೆ ಮುಂದೆ ಹೊಂಬಮ್ಮ ನೀರು ಚಿಮುಕಿಸಿದಳು. ಬುಟ್ಟಿಯಿಂದ ಒಂದು ಹಿಡಿ ಪುಡಿ ತೆಗೆದಳು. ಅವತ್ತು ಮಾರೋದಕ್ಕಲ್ಲ. ತನ್ನ ಹೊಸ್ತಿಲಿಗೆ.

ಕಥೆ ಅವಳ ಮನೆ ಸೇರ್ತು, ನೀವು ನಿಮ್ಮ ಮನೆ ಸೇರಿ.

ತಾಳಿ, ತಾಳಿ. ಏಳೋಕೆ ಮುಂಚೆ ನಿಜ ಹೇಳಿಬಿಡ್ತೀನಿ. ನಮ್ಮಜ್ಜಿ ಹೇಳಿದ ಕಥೇಲಿ ಹೊತ್ತು ಮುಳುಗಿತು, ಹೊಂಬಮ್ಮ ಬುಟ್ಟಿ ಹೊತ್ತು ಊರು ಬಿಟ್ಟಳು, ಅಷ್ಟೇ. ನನಗೆ ಅದು ಗಂಟಲಲ್ಲಿ ಇಳೀಲಿಲ್ಲ. ಆ ಪೊರಕೆ ಅವಳ ಕೈಗೆ ಕೊಟ್ಟವನು ನಾನೇ.