ಅವ್ವನ ಮುಖದ ಮಾಸ್ಕು

ಮಾನ್ಯ ವಾಚಕ ಮಹಾಶಯರೇ, ಬಳ್ಳಾರಿಯ ಆಸ್ಪತ್ರೆಯೊಂದರ ಐಸಿಯು ಎದುರಿನ ಬೆಂಚಿನಲ್ಲಿ, ಬಿಸಿಲಿಗೆ ಹೆದರಿ ಕುಳಿತಿದ್ದ ಅಲೆಮಾರಿ ಲೇಖಕನೊಬ್ಬನ ಕಿವಿಗೆ ಬಿದ್ದ ಮಾತುಗಳನ್ನು ಇದ್ದಂತೆಯೇ ನಿವೇದಿಸಲಾಗಿದೆ.

ಸಿರುಗುಪ್ಪದಿಂದ ನ್ಯುಮೋನಿಯಾ ಆದ ತಾಯಿಯನ್ನು ಕರೆತಂದಿದ್ದ ದೊಡ್ಡಬಸವರಾಜನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಪಾದೋದಕ ತೀರ್ಥದ ಪುಟ್ಟ ಬಾಟಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. ಅಕ್ಕ ಶೈಲಜಾ ಅವನನ್ನು ಬಿಡಲಿಲ್ಲ.

"ಅವ್ವನ ಆಕ್ಸಿಜನ್ ಮಾಸ್ಕ್ ಯಾಕ ಎತ್ತಿದಿ?"

"ಎರಡು ಹನಿ ಪಾದೋದಕ ಬಿಡಾಕ, ಅಕ್ಕಾ. ಗಂಟಲಿಗೆ ಪೈಪ್ ಇಳಿಸಿದ ಮ್ಯಾಲ ಬಾಯಿಗೆ ಏನೂ ಹೋಗಂಗಿಲ್ಲಂತ."

"ದೊಡ್ಡ ಐನೋರಾಗಿ ಬಂದಿ ನೋಡು! ಪೈಪ್ ಇಳಿಸೋವಾಗ ಉಸಿರು ನಿಲ್ತೈತಿ, ಅದಕ್ಕ ಮೊದಲೇ ಆಕ್ಸಿಜನ್ ತುಂಬಿಸ್ತೀವಿ, ಮಾಸ್ಕ್ ಮುಟ್ಟಬ್ಯಾಡ್ರಿ ಅಂತ ಡಾಕ್ಟ್ರು ಹೇಳಿರಲಿಲ್ಲೇನು?"

"ಹೇಳಿದ್ರು. ಎತ್ತಿದ ಕೂಡ್ಲೇ ಸ್ಕ್ರೀನಿನಾಗಿನ ಆಕ್ಸಿಜನ್ ನಂಬರ್ ಸರ್ರಂತ ಇಳೀತು. ಅವ್ವನ ತುಟಿ ನೀಲಿ ಆತು, ಅಕ್ಕಾ."

"ಈಗ ಅಳು."

ಬಾಗಿಲು ತೆರೆದು ನರ್ಸ್ ಕೇಳಿದಳು: "ಬಸ್ಯಾ ಅಂದ್ರ ಯಾರ್ರಿ? ಅಜ್ಜಿ ಅವ್ರನ್ನ ಕರಕೋತ ಮಾಸ್ಕ್ ಕಿತ್ತಾಕತಾರ. ಆಕ್ಸಿಜನ್ ತುಂಬಿಸದೇ ಪೈಪ್ ಹಾಕಿದ್ರ ಜೀವಕ್ಕ ಅಪಾಯ. ಬಂದು ಅವ್ರ ಕೈ ಹಿಡ್ಕೊಂಡು ನಿಲ್ರಿ."

"ಅಕ್ಕಾ, ನೀನೇ ಹೋಗು. ನನ್ನ ಕೈಮ್ಯಾಲ ನನಗೇ ನಂಬಿಕಿ ಇಲ್ಲ."

"ಆಕಿ ಕರದದ್ದು ನಿನ್ನ. ಬಾಟ್ಲಿ ಇತ್ತ ಕೊಡು. ಎರಡೂ ಕೈಲೆ ಗಟ್ಟಿ ಹಿಡಿ. ನಡಿಲೇ!"

ಕಣ್ಣೊರೆಸಿಕೊಂಡು ಅವನು ಒಳಹೊಕ್ಕ. ಬಾಗಿಲು ಮುಚ್ಚುವ ಮುನ್ನ ಅವನ ದನಿ ಕೇಳಿಸಿತು: "ಅವ್ವಾ, ನಾ ಇಲ್ಲೇ ಅದೀನಿ. ಮಾಸ್ಕ್ ಬಿಗಿ ಆದ್ರೂ ಇರಲಿ, ಅದರಾಗ ಉಸಿರು ತಗೋ."

ಶೈಲಜಾ ಮುಚ್ಚಿದ ಬಾಗಿಲಿಗೆ ಹಣೆ ಆನಿಸಿ ನಿಂತಳು. ಲೇಖಕ ಸದ್ದಾಗದಂತೆ ಚೀಲ ಕಟ್ಟಿಕೊಂಡು, ಕುರುಗೋಡಿನ ಬಸ್ಸಿಗೆಂದು ಎದ್ದು ನಡೆದ.