ಬೇರೆ ಕಟ್ಟಿದ ಸರ್ವರ್

ಹಾರೋಹಳ್ಳಿ ಬಸ್ ನಿಲ್ದಾಣದಲ್ಲಿ ಬೂಸಾ ಚೀಲ ಇಟ್ಟುಕೊಂಡು ಕೂತಿದ್ದ ಕಾವೇರಮ್ಮನ ಕಿವಿ, ಪಕ್ಕದಲ್ಲಿ ನಿಂತ ಗುರುತಿಲ್ಲದ ಫ್ಯಾಕ್ಟರಿ ಕಂಪ್ಯೂಟರಿನವರಿಬ್ಬರ ಮಾತಿಗೆ ನೆಟ್ಟಗಾಯಿತು.

"ದೀಪು, ಹೊಸಾ ಸರ್ವರ್ ಕೆಟ್ಟು ಕೂತ್ಕಂಡ್ತು ಕಣ್ಲಾ."

"ಅಯ್ಯೋ ಅಜರ್! ಹಳೇವು ಐದೂ ನಿಂತೋದ್ವಾ?"

"ಒಂದೂ ನಿಂತಿಲ್ಲ. ಹೊಸದನ್ನ ಆ ಐದರ ಕ್ಲಸ್ಟರ್‌ಗೆ ಸೇರಿಸ್ದೆ ಸ್ಟ್ಯಾಂಡಲೋನ್ ಇಕ್ಕಿದ್ದೆ. ಒಂಟಿಯಾಗೇ ಕೆಡ್ತು."

"ಸದ್ಯ, ಬದುಕ್ಕಂಡ್ವಿ! ಮೊದಲ್ನೇ ದಿನವೇ ಸೇರ್ಸು ಅಂತ ಬಡ್ಕಂಡೋನು ನಾನು. ನೀನು ಇದನ್ನ ಎಲ್ಲಿ ಕಲ್ತೆ?"

"ನಿಮ್ಮನೇಲೇ ಕಣ್ಲಾ. ನಿಮ್ಮವ್ವ ಸಂತೆಯಿಂದ ತಂದ ಹಸೂನ ಕೊಟ್ಟಿಗೆಗೆ ಬುಡ್ದೆ, ಕಾಯ್ಲೆ ಇದ್ರೆ ಮಿಕ್ಕ ದನಕ್ಕೆ ಅಂಟ್ದಿರ್ಲಿ ಅಂತ ಎಂಟು ದಿನ ಹುಣಸೆಮರಕ್ಕೆ ಕಟ್ಟಿರ್ಲಿಲ್ವಾ?"

ದೀಪು ತಲೆ ಕೆರೆದುಕೊಂಡ. ಕನಕಪುರದ ಬಸ್ಸು ಬಂತು. ಇಬ್ಬರೂ ನಗುತ್ತಾ ಹತ್ತಿ ಹೋದರು.

ಕೊನೆಯ ಮಾತು ತಿಳಿದ ಮೇಲೆ ಕಾವೇರಮ್ಮನಿಗೆ ಮೊದಲಿನದೆಲ್ಲವೂ ತಿಳಿಯಿತು.